ನೆಲಮಾಳಿಗೆ ಅಂಗಡಿಯ ಬಾಗಿಲಲ್ಲಿ ಬಿಟ್ಟ ಚೀಲ

ಬ್ಯೂನಾ ವಿಸ್ಟಾ

ಸಿಂಗಪುರಕ್ಕೆ ಹೋಗಿ ಬಂದೆ ಎಂದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸಿಂಹದ ಬಾಯಿಂದ ನೀರು ಬೀಳುವುದನ್ನು ನೋಡಿದಿರಾ? ನೋಡಿದೆ. ನೀರು ಬೀಳುತ್ತಿತ್ತು. ಅದರ ಬಗ್ಗೆ ನನಗೆ ಹೇಳುವುದಕ್ಕೆ ಇನ್ನೇನೂ ಇಲ್ಲ. ನಾನು ಹೇಳಹೊರಟಿರುವುದು ಅಲ್ಲಿನ ಒಂದು ಹಳೆಯ ಶಾಪಿಂಗ್ ಸೆಂಟರಿನ ವಿಷಯ, ಅದರ ನೆಲಮಾಳಿಗೆಯಲ್ಲಿದ್ದ ದಿನಸಿ ಅಂಗಡಿಯ ವಿಷಯ. ದಿನಸಿ ಅಂಗಡಿ ನೋಡಲು ವಿಮಾನ ಹತ್ತಿ ಹೋಗಬೇಕಿತ್ತೇ ಎಂದು ನೀವು ನಗಬಹುದು. ನಗಿ. ಮದುವೆಯಾದಾಗಿನಿಂದ ದಿನಸಿ ಅಂಗಡಿಯಲ್ಲೇ ಕೂತವಳ ಕಣ್ಣಿಗೆ ಎಲ್ಲಿಗೆ ಹೋದರೂ ಅದೇ ಬೀಳುತ್ತದೆ.

ತುಮಕೂರಿನ ಮೊದಲ ಶಾಪಿಂಗ್ ಕಾಂಪ್ಲೆಕ್ಸ್‌ಗಳಲ್ಲಿ ಒಂದರ ಕೆಳಗಿನ ಮೂಲೆಯ ಮಳಿಗೆ ನಮ್ಮದು. ಸಂಜೀವಿನಿ ಪ್ರಾವಿಷನ್ ಸ್ಟೋರ್ಸ್. ಅಂಗಡಿಯಲ್ಲಿ ನಮ್ಮವರೂ ನಾನೂ ಇಬ್ಬರೇ. ಮನೆಯಲ್ಲೂ ಇಬ್ಬರೇ, ಮಕ್ಕಳಿಲ್ಲ. ನಮ್ಮವರು ಅಂಗಡಿಯಲ್ಲಿದ್ದಾಗಲೇ ಎದೆನೋವು ಬಂದು ಹೋದರು. ಅಂದು ಯಾರೋ ಎಳೆದು ಬೀಗ ಹಾಕಿದ ಷಟರನ್ನು ಒಂದು ವರ್ಷವಾದರೂ ನಾನು ಎತ್ತಿರಲಿಲ್ಲ. ಎತ್ತಬೇಕೆಂದು ಹೋಗುತ್ತಿದ್ದೆ. ಬೀಗದ ಕೈ ಹಿಡಿದು ನಿಂತು, ಎದುರಿನ ಬಟ್ಟೆ ಅಂಗಡಿಯವರ ಹತ್ತಿರ ಎರಡು ಮಾತಾಡಿ, ವಾಪಸ್ಸು ಬರುತ್ತಿದ್ದೆ. ಒಳಗೆ ಅವರ ಸ್ವೆಟರ್ ಕುರ್ಚಿಯ ಮೇಲೆ ಇದೆ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಕಟ್ಟಡದ ಮಾಲೀಕರು ಕಾಂಪ್ಲೆಕ್ಸ್ ಕೆಡವಿ ಮಾಲ್ ಕಟ್ಟುತ್ತೇವೆ, ಎಲ್ಲರೂ ಖಾಲಿ ಮಾಡಿ ಎಂದು ಹೇಳಿಕಳಿಸಿದರು. ನನ್ನ ಮೈದುನ ರಾಜು ಒಳ್ಳೆಯವನು. "ಅತ್ತಿಗೆ, ನಿಮಗ್ಯಾಕೆ ಆ ಸಂಕಟ? ಹೂಂ ಅನ್ನಿ ಸಾಕು, ನಾನೇ ನಿಂತು ಎಲ್ಲಾ ಸಾಗಿಸ್ತೀನಿ. ನೀವು ಆ ಕಡೆ ಬರೋದೇ ಬೇಡ" ಎಂದ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅದೇ ಹೊತ್ತಿಗೆ ತಂಗಿಯ ಮಗಳು ಸಹನಾ ಸಿಂಗಪುರಕ್ಕೆ ಬನ್ನಿ ಎಂದು ಟಿಕೆಟ್ ಕಳಿಸಿದಳು. ಬೀಗದ ಕೈಗೊಂಚಲನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟೆ. ಜನ ದೇಶ ನೋಡಲು ಹೋಗುತ್ತಾರೆ. ನಾನು ಒಂದು ಷಟರಿನಿಂದ ತಪ್ಪಿಸಿಕೊಂಡು ಓಡಿದ್ದೆ.

ಸಹನಾಗೆ ಬ್ಯೂನಾ ವಿಸ್ಟಾದ ಹತ್ತಿರ ಒಂದು ಲ್ಯಾಬಿನಲ್ಲಿ ಕೆಲಸ. ಗಂಡನಿಗೆ ಸದಾ ಟೂರ್. ಎತ್ತರದ ಕಾಂಡೊ ಅಪಾರ್ಟ್‌ಮೆಂಟು, ಕೆಳಗೆ ಯಾರೂ ಈಜದ ನೀಲಿ ಈಜುಕೊಳ, ಮೇಲೆ ಗಾಜಿನ ಕಿಟಕಿ, ಕಿಟಕಿಯಲ್ಲಿ ನಾನು. ಮೊದಲ ದಿನವೇ ಅಡುಗೆಮನೆಯ ಡಬ್ಬಗಳನ್ನು ತೆರೆದು ನೋಡಿ, "ಬೇಳೆ ಮುಗೀತಾ ಬಂದಿದೆ, ಅಂಗಡಿ ಎಲ್ಲಿದೆ ಹೇಳು, ತರ್ತೀನಿ" ಎಂದೆ.

"ಅಯ್ಯೋ ದೊಡ್ಡಮ್ಮ, ಅಂಗಡಿಗೆ ಯಾರು ಹೋಗ್ತಾರೆ? ಎಲ್ಲಾ ಆನ್‌ಲೈನ್ ಆರ್ಡರ್ ಮಾಡ್ತೀನಿ. ಡೋರ್ ಹತ್ರ ಇಟ್ಟು ಹೋಗ್ತಾರೆ. ನೀವು ಸುಮ್ನೆ ರಿಲ್ಯಾಕ್ಸ್ ಆಗಿ."

ಮಾರನೆಯ ದಿನ ಬಾಗಿಲು ತೆರೆದರೆ ಪೆಟ್ಟಿಗೆ ಇತ್ತು. ತಂದವರು ಇರಲಿಲ್ಲ. ಬೇಳೆ ಹೇಗಿದೆ ಎಂದು ಕೇಳಲು, ಬಾಯಿಗೆ ಎರಡು ಕಾಳು ಹಾಕಿಕೊಂಡು ಮುಖ ಕಿವುಚಲು, ಹೋದ ಸಲ ಕೊಟ್ಟಿದ್ದರಲ್ಲಿ ಕಲ್ಲಿತ್ತು ಎಂದು ಜಗಳ ತೆಗೆಯಲು ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಪೆಟ್ಟಿಗೆ ಒಳಗೆಳೆದುಕೊಂಡು, ಬೇಳೆಯನ್ನು ಡಬ್ಬಕ್ಕೆ ಸುರಿದು, ಕೂತೆ. ಆಮೇಲೆ ಮಾಡಲು ಏನೂ ಇರಲಿಲ್ಲ. ಲಿಫ್ಟಿನಲ್ಲಿ ಕಂಡವರು ನನ್ನನ್ನು ನೋಡುವ ಬದಲು ಮೇಲೆ ಓಡುವ ಅಂಕಿಗಳನ್ನು ನೋಡುತ್ತಿದ್ದರು. ಇಡೀ ದಿನ ನನ್ನ ಬಾಯಿಂದ ಹೊರಡುತ್ತಿದ್ದ ಮಾತೆಂದರೆ ರಾತ್ರಿ ಸಹನಾಗೆ ಹೇಳುವ "ಊಟ ಬಡಿಸ್ಲಾ?" ಅಷ್ಟೇ.

ಹಳೆಯ ಶಾಪಿಂಗ್ ಸೆಂಟರ್

ಒಂದು ಬೆಳಗ್ಗೆ ತಡೆಯಲಾರದೆ ಚೀಲ ಹೆಗಲಿಗೆ ಹಾಕಿಕೊಂಡು ನಡೆಯುತ್ತಾ ಹೊರಟೆ. ಎಲ್ಲವೂ ಹೊಸದು, ಎಲ್ಲವೂ ಹೊಳೆಯುವಂಥದ್ದು. ಹೊಸ ಮಾಲ್ ಒಂದಕ್ಕೆ ನುಗ್ಗಿ, ಅದರ ತಣ್ಣನೆಯ ಗಾಳಿಗೆ ಮೂಗು ಕಟ್ಟಿ, ಇನ್ನೊಂದು ಬಾಗಿಲಿನಿಂದ ಆಚೆ ಬಂದೆ. ಆಮೇಲೆ ರಸ್ತೆ ತಿರುಗಿದ ಕಡೆ ಒಂದು ಕಟ್ಟಡ ಕಂಡು ನಿಂತುಬಿಟ್ಟೆ. ಬಣ್ಣ ಮಾಸಿದ ಐದಂತಸ್ತು, ಮೊಸಾಯಿಕ್ ನೆಲ, ಒಬ್ಬರ ಹಿಂದೊಬ್ಬರು ಮಾತ್ರ ನಿಲ್ಲಬಹುದಾದ ಸಣ್ಣ ಎಸ್ಕಲೇಟರ್. ನಮ್ಮ ಕಾಂಪ್ಲೆಕ್ಸಿನ ಶ್ರೀಮಂತ ದೊಡ್ಡಪ್ಪನ ಹಾಗಿತ್ತು.

ಒಳಗೆ ಒಬ್ಬ ದರ್ಜಿ, ಪಿಯಾನೊ ಕಲಿಸುವ ಒಂದು ಕೋಣೆ, ಹಳೆಯ ಅಂಚೆಚೀಟಿ ಮಾರುವವರು, ಕಾಲು ಒತ್ತಿಕೊಡುವ ಒಂದು ಅಂಗಡಿ. ಅರ್ಧಕ್ಕರ್ಧ ಮಳಿಗೆಗಳು ಮುಚ್ಚಿದ್ದವು. ಗೋಡೆಯ ಮೇಲೆ ಒಂದು ನೋಟೀಸು. ನನಗೆ ಬರುವ ಅಂಗಡಿ ಇಂಗ್ಲಿಷಿನಲ್ಲೇ ಓದಿಕೊಂಡೆ: ಕಟ್ಟಡ ಮಾರಾಟವಾಗಿದೆ, ಕೆಡವುತ್ತಾರೆ. ಇಷ್ಟು ದೂರ ಓಡಿಬಂದರೂ ಅದೇ ನೋಟೀಸು ನನಗಿಂತ ಮುಂಚೆ ಬಂದು ಕಾದು ಕೂತಿತ್ತು.

ಎಸ್ಕಲೇಟರ್ ಇಳಿದರೆ ನೆಲಮಾಳಿಗೆಯಲ್ಲಿ ಸೂಪರ್ ಮಾರ್ಕೆಟ್. ಬಾಗಿಲ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಚೀನೀ ಮುದುಕರು. ಬಿಳಿ ಬನಿಯನ್ನಿನ ಮೇಲೆ ಗುಂಡಿ ಬಿಚ್ಚಿದ ಅಂಗಿ, ಮಂಡಿಯ ಮಧ್ಯೆ ಬಾಗಿದ ಹಿಡಿಯ ಕರಿ ಕೊಡೆ. ನಾನು ಹಿಂದೆಮುಂದೆ ನೋಡದೆ ಹೆಗಲಿನ ಚೀಲ ತೆಗೆದು ಅವರ ಕೈಗೆ ಕೊಟ್ಟು, ಟೋಕನ್ನಿಗೆ ಕೈಯೊಡ್ಡಿ ನಿಂತೆ.

ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಯಾವ ಸೂಪರ್ ಮಾರ್ಕೆಟ್ಟಿಗೆ ಹೋದರೂ ಬಾಗಿಲಲ್ಲಿ ಚೀಲ ಇಟ್ಟು ಟೋಕನ್ ತೆಗೆದುಕೊಂಡೇ ಒಳಗೆ ಹೋಗಬೇಕು. ಚೀಲ ಹಿಡಿದು ಒಳಗೆ ಹೋಗುವುದು ಚಪ್ಪಲಿ ಹಾಕಿಕೊಂಡು ದೇವರಮನೆಗೆ ಹೋದ ಹಾಗೆ ನನಗೆ. ಮುದುಕರು ಒಮ್ಮೆ ಚೀಲ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

"ಟೋಕನ್" ಎಂದೆ, ಸ್ವಲ್ಪ ಜೋರಾಗಿಯೇ. ಚೀಲ ಇಸಿದುಕೊಂಡು ಟೋಕನ್ ಕೊಡದವರನ್ನು ಕಂಡರೆ ನನಗೆ ಸಿಟ್ಟು.

ಅವರು ಅಂಗಿಯ ಜೇಬು ತಡಕಿದರು, ಪ್ಯಾಂಟಿನ ಜೇಬು ತಡಕಿದರು. ಕೊನೆಗೆ ಬಹಳ ಗಂಭೀರವಾಗಿ ತಮ್ಮ ಕೊಡೆಯನ್ನು ನನ್ನ ಕೈಗಿಟ್ಟರು.

"ಓಕೆ ಆಂಟಿ. ಟೋಕನ್."

ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು ನನ್ನನ್ನು ಆಂಟಿ ಎಂದರಲ್ಲ ಎಂದು ಇನ್ನಷ್ಟು ರೇಗಿತು. ಆ ಊರಿನಲ್ಲಿ ಅದೇ ಮರ್ಯಾದೆಯೆಂದು ನನಗೆ ಆಗ ಗೊತ್ತಿರಲಿಲ್ಲ. ಕೊಡೆ ಹಿಡಿದು ಒಳಗೆ ಹೋದೆ. ಸುತ್ತಲೂ ನೋಡಿದರೆ ಎಲ್ಲರ ಹೆಗಲಲ್ಲೂ ಚೀಲ, ಎಲ್ಲರ ಕೈಯಲ್ಲೂ ಚೀಲ. ಬೆವರು ಬಂತು. ಮುಖ್ಯ ಬೀದಿಯಲ್ಲಿ ಯಾರೋ ದಾರಿಹೋಕರಿಗೆ ಚೀಲ ಕೊಟ್ಟು ಬಂದ ಹಾಗೆ ಕೊಟ್ಟು ಬಂದಿದ್ದೆ, ಅದರಲ್ಲಿ ಬೀಗದ ಕೈಗೊಂಚಲು ಬೇರೆ. ಓಡಿ ಆಚೆ ಬಂದೆ. ಮುದುಕರು ಅಲ್ಲೇ ಇದ್ದರು. ಚೀಲ ತೊಡೆಯ ಮೇಲೆ, ಎರಡೂ ಕೈ ಚೀಲದ ಮೇಲೆ. ನನ್ನನ್ನು ಕಂಡು ಕೈ ಚಾಚಿದರು. ಕೊಡೆ ಕೊಟ್ಟ ಮೇಲೆಯೇ ಚೀಲ ಕೊಟ್ಟರು.

"ಸಾರಿ ಅಂಕಲ್, ಸಾರಿ. ಐ ಥಿಂಕ್ ಯು ಬ್ಯಾಗ್ ಮ್ಯಾನ್" ಎಂದೆ.

"ಬಿಫೋರ್, ಹಿಯರ್ ಗಾಟ್ ಬ್ಯಾಗ್ ಕೌಂಟರ್" ಎಂದರು ಅವರು, ಕುರ್ಚಿಯ ಕೆಳಗಿನ ನೆಲ ತೋರಿಸಿ. "ಲಾಂಗ್ ಟೈಮ್ ಬಿಫೋರ್. ಯು ನಾಟ್ ರಾಂಗ್, ಆಂಟಿ. ಯು ಲೇಟ್ ಓನ್ಲಿ."

ಕುರ್ಚಿಯ ಪಕ್ಕ

ಆಮೇಲೆ ದಿನಾ ಹೋದೆ. ಬೇಕಾದ್ದು ಏನೂ ಇರಲಿಲ್ಲ; ಒಂದು ನಿಂಬೆಹಣ್ಣು, ಒಂದು ಬೆಂಕಿಪೊಟ್ಟಣ. ಬಾಗಿಲಲ್ಲಿ ನಾನು ಚೀಲ ಕೊಡುವುದು, ಅವರು ಕೊಡೆ ಕೊಡುವುದು. ತಿರುಗಿ ಬಂದಾಗ ಮೊದಲು ಕೊಡೆ, ಆಮೇಲೆ ಚೀಲ. ಒಂದು ದಿನವೂ ಅವರು ಈ ಕ್ರಮ ತಪ್ಪಿಸಲಿಲ್ಲ. ಚೀಲ ನಮ್ಮದೇ ಅಂಗಡಿಯದು, ದೀಪಾವಳಿಗೆ ಗಿರಾಕಿಗಳಿಗೆ ಕೊಡಲು ಮಾಡಿಸಿದ್ದ ಹಳದಿ ಬಟ್ಟೆಯ ಕೈಚೀಲ. ಅದರ ಮೇಲಿನ ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ, "ಎಲ್ಲಾ ದುಂಡಗೆ, ಮೀನಿನ ಉಂಡೆ ಥರ" ಎಂದು ನಗುತ್ತಿದ್ದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದ್ದು, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಎಸ್ಕಲೇಟರಿನ ಪಕ್ಕದ ಕಟ್ಟೆಯ ಮೇಲೆ ನಾನು ಕೂತು, ಇಬ್ಬರೂ ಹೋಗಿಬರುವವರನ್ನು ನೋಡುತ್ತಿದ್ದೆವು.

ಅವರು ಪಾಸಿರ್ ಪಂಜಾಂಗ್ ಕಡೆ ಬಂದರಿನಲ್ಲಿ ಶಿಫ್ಟ್ ಕೆಲಸ ಮಾಡಿ ನಿವೃತ್ತರಾದವರು. ಈ ಸೆಂಟರ್ ಕಟ್ಟುವುದಕ್ಕೆ ಮುಂಚೆ ಅವರ ಬೀದಿಯಲ್ಲಿ ಒಂದೇ ದಿನಸಿ ಅಂಗಡಿ ಇತ್ತಂತೆ. ದುಡ್ಡು ಹಾಕುವ ತಗಡಿನ ಡಬ್ಬವನ್ನು ಹಗ್ಗಕ್ಕೆ ಕಟ್ಟಿ ಮೇಲಿನಿಂದ ಇಳಿಬಿಟ್ಟಿರುತ್ತಿದ್ದರು. ಎಳೆದರೆ ಕೆಳಗೆ ಬರುವುದು, ಬಿಟ್ಟರೆ ಮೇಲೆ ಹೋಗುವುದು. ಆಮೇಲೆ ಈ ಕಟ್ಟಡ ಎದ್ದಿತು. ತಣ್ಣನೆಯ ಗಾಳಿ ಬರುತ್ತದೆಂದು ಜನ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಮೂಲಂಗಿ ಕೊಳ್ಳಲು ಬರುತ್ತಿದ್ದರು. ಅವರ ತಾಯಿ ಮಾತ್ರ ಒಂದು ಸಲ ಬಂದು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕೋಳಿ ಮೊದಲೇ ಸತ್ತು ಪ್ಲಾಸ್ಟಿಕ್ಕಿನಲ್ಲಿ ಕೂತಿದೆ, ಬೆಲೆ ಮೊದಲೇ ಬರೆದಿಟ್ಟಿದ್ದಾರೆ, ಇನ್ನು ನಾನು ಬಂದು ಮಾಡುವುದೇನು ಎಂದರಂತೆ. ಆ ತಾಯಿಯನ್ನು ನಾನು ನೋಡಬೇಕಿತ್ತು ಎನಿಸಿತು.

ನಾನೂ ನಮ್ಮ ಕಥೆ ಹೇಳಿದೆ. ನಮ್ಮ ಕಾಂಪ್ಲೆಕ್ಸ್ ಶುರುವಾದಾಗ ಫಳಫಳ ಹೊಳೆಯುವ ನೆಲ ನೋಡಿ ಜನ ಚಪ್ಪಲಿಯನ್ನು ಆಚೆಯೇ ಬಿಟ್ಟು ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿಯ ರಾಶಿ. ಚಪ್ಪಲಿ ಅದಲುಬದಲಾಗಿ ನಮ್ಮ ಅಂಗಡಿ ಮುಂದೆಯೇ ಪಂಚಾಯ್ತಿ. ನಮ್ಮವರು ಬೆಂಗಳೂರಿನಲ್ಲಿ ಎಲ್ಲೋ ನೋಡಿಕೊಂಡು ಬಂದು, ಕೌಂಟರ್ ಕಿತ್ತುಹಾಕಿ, ಗಿರಾಕಿಗಳೇ ಒಳಗೆ ಬಂದು ಬೇಕಾದ್ದು ತೆಗೆದುಕೊಳ್ಳುವ ಹಾಗೆ ಮಾಡಿದರು. ಊರಿನಲ್ಲಿ ಅದೇ ಮೊದಲು. ಬಂದವರೆಲ್ಲ ಕೌಂಟರ್ ಇದ್ದ ಜಾಗದಲ್ಲೇ ನಿಂತು, "ಒಂದು ಕೆಜಿ ಸಕ್ಕರೆ, ಅರ್ಧ ಕೆಜಿ ಕಡ್ಲೆಬೇಳೆ" ಎಂದು ಗಾಳಿಗೆ ಹೇಳುತ್ತಿದ್ದರು. ಒಳಗೆ ಬನ್ನಿ ಎಂದರೆ ಮುನಿಸು. "ಏನ್ ಸ್ವಾಮಿ, ದುಡ್ಡೂ ನಾವೇ ಕೊಡ್ಬೇಕು, ಕೆಲ್ಸಾನೂ ನಾವೇ ಮಾಡ್ಬೇಕಾ?" ಎಂದು ಒಬ್ಬರು ಮೇಷ್ಟ್ರು ಕೇಳಿಯೇಬಿಟ್ಟರು. ಮುಂದಿನ ಸಂಕ್ರಾಂತಿ ಹೊತ್ತಿಗೆ ಕೌಂಟರ್ ತನ್ನ ಜಾಗಕ್ಕೆ ವಾಪಸ್ಸು ಬಂದಿತ್ತು.

"ಆಗ ನಿಮ್ಮ ಕೆಲಸ ಏನು, ಆಂಟಿ?" ಎಂದು ಕೇಳಿದರು.

ಹೊಸ ಮದುವಣಗಿತ್ತಿಯಾಗಿದ್ದ ನನ್ನನ್ನು ನಮ್ಮವರು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರಿಸಿದ್ದರು, ಚೀಲ ಇಸಿದುಕೊಳ್ಳಲು. ಸೋಡಾ ಬಾಟಲಿಯ ಮುಚ್ಚಳಗಳಿಗೆ ಬಣ್ಣದಲ್ಲಿ ನಂಬರು ಬರೆದು ಟೋಕನ್ ಮಾಡಿದ್ದೆವು. ಇದನ್ನು ನಾನು ಕೈಸನ್ನೆಯಲ್ಲಿ ತೋರಿಸಿದಾಗ ಮುದುಕರು ಬಗ್ಗಿ ಕುರ್ಚಿಯ ಕೆಳಗಿನ ನೆಲ ನೋಡಿದರು.

"ಮೈ ವೈಫ್ ಆಲ್ಸೊ" ಎಂದರು.

ಅವರ ಹೆಂಡತಿ ಇದೇ ಜಾಗದಲ್ಲಿ, ಈ ಕುರ್ಚಿ ಇರುವಲ್ಲಿದ್ದ ಕೌಂಟರಿನ ಹಿಂದೆ, ಚೀಲ ಇಸಿದುಕೊಂಡು ನಂಬರಿನ ಬಿಲ್ಲೆ ಕೊಡುವ ಹುಡುಗಿಯಾಗಿದ್ದಳಂತೆ. ಇವರು ಆಗ ಬಂದರಿನ ಹುಡುಗ. ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ನೇರ ಇಲ್ಲಿಗೆ ಬರುವುದು, ಚೀಲ ಕೊಡುವುದು, ಬಿಲ್ಲೆ ಇಸಿದುಕೊಳ್ಳುವುದು, ಒಂದು ಸುತ್ತು ಹಾಕಿ ವಾಪಸ್ಸು ಬಂದು ಚೀಲ ತೆಗೆದುಕೊಳ್ಳುವುದು. ಒಂದು ದಿನ ಅವಳು ಚೀಲವನ್ನು ಎತ್ತಿ ತೂಗಿ ನೋಡಿ, "ಇದರಲ್ಲಿ ಏನೂ ಇಲ್ಲವಲ್ಲ, ಯಾಕೆ ಇಡುತ್ತೀಯ?" ಎಂದು ಕೇಳಿದಳು. ನಾಚಿಕೆಯಿಂದ ಕಿವಿ ಕೆಂಪಾಗಿ ಓಡಿದವರು, ಮಾರನೆಯ ದಿನ ಸಂತೆಯಲ್ಲಿ ಒಂದು ಕುಂಬಳಕಾಯಿ ಕೊಂಡು ಚೀಲಕ್ಕೆ ಹಾಕಿಕೊಂಡು ಬಂದರಂತೆ. ಅವಳು ಎರಡೂ ಕೈಯಲ್ಲಿ ಎತ್ತಲಾರದೆ ಎತ್ತಿ ನಕ್ಕಳು. ಅದೇ ಕುಂಬಳಕಾಯಿ, ಮದುವೆಯವರೆಗೆ ಬಂತು.

ನಾನು ಜೋರಾಗಿ ನಕ್ಕೆ. ನಕ್ಕು ವರ್ಷವಾಗಿತ್ತೆಂದು ಆಗ ಗೊತ್ತಾಯಿತು. ಈಗ ಅವಳೆಲ್ಲಿ ಎಂದು ನಾನು ಕೇಳಲಿಲ್ಲ. ದಿನವೂ ಬಾಗಿಲಲ್ಲೇ ಕೂತು ಒಂದು ದಿನವೂ ಒಳಗೆ ಕಾಲಿಡದವರನ್ನು ಏನೆಂದು ಕೇಳುವುದು? ನನಗೆ ಅದು ಹೇಳದೆಯೇ ಗೊತ್ತಿತ್ತು. ನಮ್ಮಂಥವರು ಬಾಗಿಲವರೆಗೆ ಹೋಗುತ್ತೇವೆ, ಅಷ್ಟೇ.

ಬೆಡೋಕ್

ಭಾನುವಾರ ಸಹನಾ, "ದೊಡ್ಡಮ್ಮ, ನೀವು ಯಾವಾಗ್ಲೂ ಆ ಓಲ್ಡ್ ಬಿಲ್ಡಿಂಗ್‌ಗೇ ಹೋಗ್ತೀರಲ್ಲ, ಬನ್ನಿ, ಪ್ರಾಪರ್ ಮಾರ್ಕೆಟ್ ತೋರಿಸ್ತೀನಿ" ಎಂದು ಎಂಆರ್‌ಟಿ ರೈಲಿನಲ್ಲಿ ಬೆಡೋಕಿಗೆ ಕರೆದುಕೊಂಡು ಹೋದಳು. ಒದ್ದೆ ನೆಲ, ಕೂಗಾಟ, ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡ ನಾನು. ಸೊಪ್ಪು ಮಾರುವ ಹೆಂಗಸು ಎಲ್ಲಾ ಚೀಲಕ್ಕೆ ತುಂಬಿದ ಮೇಲೆ, ಕೇಳದೆಯೇ ಎರಡು ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕಿದಳು.

"ನೋಡೇ, ಕೊಸರು!" ಎಂದು ಕೂಗಿದೆ. "ಈ ಊರಲ್ಲೂ ಕೊಸರು ಕೊಡ್ತಾರೆ!"

ಸಹನಾಗೆ ಆ ಪದವೇ ಗೊತ್ತಿರಲಿಲ್ಲ. ಅಳತೆ ಮುಗಿದ ಮೇಲೆ ಗಿರಾಕಿಯ ಸಂತೋಷಕ್ಕೆ ಹಾಕುವ ಇನ್ನೊಂದು ಹಿಡಿ ಎಂದು ವಿವರಿಸಿದೆ. ನಿಮ್ಮ ದೊಡ್ಡಪ್ಪ ಇದರಲ್ಲಿ ಎತ್ತಿದ ಕೈ, ಕೊಸರು ಹಾಕಿ ಹಾಕಿಯೇ ನಾವು ಉದ್ಧಾರವಾಗಲಿಲ್ಲ ಎಂದೆ. ಅವಳು ನಕ್ಕು, ಆಮೇಲೆ ನನ್ನ ಮುಖ ನೋಡಿ, "ದೊಡ್ಡಮ್ಮ, ರಾಜು ಚಿಕ್ಕಪ್ಪ ನಿನ್ನೆ ಕಾಲ್ ಮಾಡಿದ್ರು. ಈ ವೀಕ್‌ನಲ್ಲಿ ಡಿಸೈಡ್ ಮಾಡ್ಬೇಕಂತೆ. ಹೂಂ ಅಂದ್ಬಿಡಿ. ಲೆಟ್ ಇಟ್ ಗೋ" ಎಂದಳು.

ಅವಳು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆಯಿತು, ನಾಳೆ ರಾಜುವಿಗೆ ಹೂಂ ಎಂದುಬಿಡುತ್ತೇನೆ ಎಂದೆ. ಹೇಳಿದ ಮೇಲೆ ಎದೆ ಹಗುರಾಗುತ್ತದೆಂದು ಕಾದೆ. ಆಗಲಿಲ್ಲ.

ಹಿಂದಿನ ಬಾಗಿಲು

ಮಾರನೆಯ ದಿನ ಎಂದಿನಂತೆ ಚೀಲ ಕೊಟ್ಟು, ಕೊಡೆ ಇಸಿದುಕೊಂಡು ಒಳಗೆ ಹೋದೆ. ಶೆಲ್ಫುಗಳು ಬೋಳಾಗುತ್ತಿದ್ದವು. ಸೋಪು ಇದ್ದಲ್ಲಿ ಬಿಸ್ಕತ್ತು, ಬಿಸ್ಕತ್ತು ಇದ್ದಲ್ಲಿ ಬರೀ ಧೂಳು. ನಾನು ಒಂದು ಸೂಜಿ ಪೊಟ್ಟಣ ತೆಗೆದುಕೊಂಡು ಬರುವಷ್ಟರಲ್ಲಿ ಮುಂದಿನ ಬಾಗಿಲು ಮುಚ್ಚಿತ್ತು. ಕೆಲಸದವರು ಫ್ರಿಜ್‌ಗಳನ್ನು ಆಚೆ ಎಳೆಯುತ್ತಿದ್ದರು. ಎಲ್ಲರೂ ಹಿಂದಿನ ಬಾಗಿಲಿನಿಂದ ಹೋಗಿ ಎಂದರು. ಹಿಂದಿನಿಂದ ಹೊರಟು, ಮೆಟ್ಟಿಲು ಹತ್ತಿ, ಕಟ್ಟಡ ಸುತ್ತಿ, ಎಸ್ಕಲೇಟರ್ ಇಳಿದು ಮುಂದಕ್ಕೆ ಬಂದೆ. ಕುರ್ಚಿ ಇರಲಿಲ್ಲ. ಮುದುಕರೂ ಇರಲಿಲ್ಲ.

ಅಲ್ಲಿದ್ದ ಕಾವಲಿನ ಹೆಂಗಸನ್ನು ಕೇಳಿದೆ. "ಚೇರ್ ಟೇಕ್ ಅವೇ ಆಲ್ರೆಡಿ. ಅಂಕಲ್ ಗೋ, ಡೋಂಟ್ ನೋ ವೇರ್" ಎಂದಳು.

ಮತ್ತೆ ಹಿಂದಿನ ಬಾಗಿಲಿಗೆ ಓಡಿದೆ. ಇಲ್ಲ. ಮತ್ತೆ ಮುಂದೆ. ಇಲ್ಲ. ಬಸ್ ಸ್ಟಾಪಿಗೆ ಹೋದೆ, ದರ್ಜಿಯ ಅಂಗಡಿಗೆ ಇಣುಕಿದೆ, ಪಿಯಾನೊ ಕೋಣೆಗೂ ನುಗ್ಗಿದೆ. ಅವರ ಹೆಸರೇ ನನಗೆ ಗೊತ್ತಿರಲಿಲ್ಲ, ಯಾರನ್ನು ಏನೆಂದು ಕೇಳಲಿ? ಅಂಕಲ್ ಎಂದರೆ ಆ ಊರಿನ ಗಂಡಸರೆಲ್ಲ ಅಂಕಲ್. ನನ್ನ ಬೀಗದ ಕೈ. ಷಟರಿನ ಎರಡೂ ಬೀಗದ ಕೈ ಆ ಚೀಲದಲ್ಲಿತ್ತು.

ಕೊನೆಗೆ ಎಸ್ಕಲೇಟರಿನ ಬುಡದಲ್ಲಿ ಕೊಡೆ ಊರಿಕೊಂಡು ನಿಂತೆ. ಆಗ ತಲೆಗೆ ಹೊಳೆಯಿತು: ಕಳೆದರೆ ಕಳೆಯಲಿ, ನನಗೇನು? ಇವತ್ತು ಸಂಜೆ ರಾಜುವಿಗೆ ಹೂಂ ಎನ್ನುವವಳು ನಾನು. ಅವನು ಬೀಗ ಒಡೆಸುತ್ತಾನೆ, ಸಾಮಾನು ಸಾಗಿಸುತ್ತಾನೆ, ಸ್ವೆಟರನ್ನೂ ಯಾರೋ ಮೂಟೆಯಲ್ಲಿ ಕಟ್ಟುತ್ತಾರೆ. ಬೀಗದ ಕೈಯಿಂದ ಇನ್ನು ಯಾರಿಗೆ ಏನಾಗಬೇಕು? ಹೀಗೆ ಅಂದುಕೊಂಡದ್ದೇ ತಡ, ಅಳು ಬಂತು. ಆ ಬೆಳಕಿನಲ್ಲಿ, ಅಷ್ಟು ಜನರ ಮಧ್ಯೆ, ಸೂಜಿ ಪೊಟ್ಟಣ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ನಮ್ಮವರು ಹೋದ ದಿನವೂ ನಾನು ಹೀಗೆ ಅತ್ತಿರಲಿಲ್ಲ. ಅಂದು ಬಂದವರಿಗೆ ಕಾಫಿ ಆಯಿತೇ ಎಂದು ವಿಚಾರಿಸುತ್ತಾ ಓಡಾಡಿದ್ದೆ.

"ಆಂಟಿ!"

ಮೇಲಿನಿಂದ ಎಸ್ಕಲೇಟರಿನಲ್ಲಿ ಮುದುಕರು ಇಳಿದು ಬರುತ್ತಿದ್ದರು. ಹಳದಿ ಚೀಲವನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡಿದ್ದರು. ಮುಖ ಕೆಂಪಾಗಿತ್ತು, ಏದುಸಿರು. ಕುರ್ಚಿ ತೆಗೆದಾಗ, ನಾನು ಹಿಂದಿನಿಂದ ಬರುತ್ತೇನೆಂದು ಅವರು ಹಿಂದಕ್ಕೆ ಹೋಗಿದ್ದರು. ನಾನು ಮುಂದೆ ಹೋದೆನೆಂದು ಅವರು ಮುಂದೆ ಬಂದರೆ, ಅಷ್ಟರಲ್ಲಿ ನಾನು ಹಿಂದೆ. ಇಬ್ಬರೂ ಕಟ್ಟಡಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದೆವು. ಕಣ್ಣೊರೆಸಿಕೊಂಡು ಚೀಲಕ್ಕೆ ಕೈಚಾಚಿದೆ. ಅವರು ಚೀಲ ಹಿಂದಕ್ಕೆಳೆದುಕೊಂಡರು.

"ಟೋಕನ್ ಫಸ್ಟ್" ಎಂದರು, ಸಿಟ್ಟಿನಿಂದಲೇ.

ಕೊಡೆ ಕೊಟ್ಟೆ. ಚೀಲ ಬಂತು. ಕೈ ಒಳಗೆ ಹಾಕಿ ಗೊಂಚಲನ್ನು ಹಿಡಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವರು ಪಕ್ಕದಲ್ಲಿ ಕೂತು, ಏನು ಅದು ಎಂದು ಕೇಳಿದರು. ಗಂಡನ ಅಂಗಡಿಯ ಬೀಗದ ಕೈ, ಆ ಕಟ್ಟಡವನ್ನೂ ಕೆಡವುತ್ತಾರೆ, ಒಳಗೆ ಹೋಗಲು ನನಗೆ ಆಗುತ್ತಿಲ್ಲ ಎಂದೆ. ಅಷ್ಟನ್ನೂ ಅಂಗಡಿ ಇಂಗ್ಲಿಷಿನಲ್ಲಿ ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ. ಅವರು ತಲೆಯಾಡಿಸಿದರು. ಆಮೇಲೆ ಮುಚ್ಚಿದ ಗಾಜಿನ ಬಾಗಿಲನ್ನು ನೋಡುತ್ತಾ, "ಮಿ ಆಲ್ಸೊ ಕ್ಯಾನಾಟ್" ಎಂದರು.

ಸಂಜೆ ರಾಜುವಿಗೆ ಫೋನ್ ಮಾಡಿದೆ. "ರಾಜೂ, ಬೀಗ ಮುಟ್ಬೇಡ. ನಾನು ಬಂದು ತೆಗೀತೀನಿ" ಎಂದೆ.

ಕೊನೆಯ ದಿನ

ಸೂಪರ್ ಮಾರ್ಕೆಟ್ಟಿನ ಕೊನೆಯ ದಿನದ ಮಾರನೆಯ ದಿನ ನನ್ನ ವಿಮಾನ. ಆ ಕೊನೆಯ ದಿನವೂ ಅಲ್ಲಿಗೆ ಹೋದೆ. ಮುಂದಿನ ಬಾಗಿಲು ಮತ್ತೆ ತೆರೆದಿತ್ತು. ಕುರ್ಚಿ ಇಲ್ಲದಿದ್ದರೂ ಮುದುಕರು ಅದೇ ಜಾಗದಲ್ಲಿ ಗೋಡೆಗೊರಗಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಎಲ್ಲಾ ಗುಂಡಿ ಹಾಕಿದ್ದರು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಎಂದಿನಂತೆ ಚೀಲಕ್ಕೆ ಕೈ ನೀಡಿದರು. ನಾನು ಕೊಡಲಿಲ್ಲ.

"ಇವತ್ತು ನಾನು ಇಲ್ಲಿ ಇರ್ತೀನಿ. ಯು ಗೋ ಇನ್‌ಸೈಡ್" ಎಂದೆ, ಕನ್ನಡ ಇಂಗ್ಲಿಷ್ ಎರಡೂ ಸೇರಿಸಿ. "ನಿಮ್ಮ ಕೊಡೆ ಕೊಡಿ, ನೋಡ್ಕೊಳ್ತೀನಿ."

ಅವರು ಒಮ್ಮೆ ಗಾಜಿನ ಬಾಗಿಲನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನನಗೆ ಭಯವಾಯಿತು. ನನಗೇ ಆಗದ್ದನ್ನು ಇನ್ನೊಬ್ಬರಿಗೆ ಹೇಳಲು ನಾನು ಯಾರು? ಆದರೆ ಅವರು ಕೊಡೆಯನ್ನು ನನಗೆ ಕೊಟ್ಟು ನನ್ನ ಕಡೆ ಕೈ ಒಡ್ಡಿದರು. ಟೋಕನ್ ಬೇಕಿತ್ತು. ಚೀಲದಿಂದ ಬೀಗದ ಕೈಗೊಂಚಲು ತೆಗೆದು ಸೆರಗಿಗೆ ಕಟ್ಟಿಕೊಂಡು, ಖಾಲಿ ಚೀಲವನ್ನು ಅವರಿಗೆ ಕೊಟ್ಟೆ. ಹಳದಿ ಚೀಲ ಹಿಡಿದು ಅವರು ಒಳಗೆ ಹೋದರು.

ನಾನು ಅವರ ಜಾಗದಲ್ಲಿ ನಿಂತೆ. ಗಾಜಿನ ಆಚೆ ಅವರು ಬೋಳು ಶೆಲ್ಫುಗಳ ಮಧ್ಯೆ ನಿಧಾನವಾಗಿ ನಡೆಯುವುದು ಕಂಡಿತು, ಆಮೇಲೆ ಮರೆಯಾದರು. ಹೊತ್ತಾಯಿತು. ಬರುವವರು ಬಂದರು, ಹೋಗುವವರು ಹೋದರು. ಯಾರೂ ನನ್ನನ್ನು ನೋಡಲಿಲ್ಲ. ಒಬ್ಬರಿಗಾಗಿ ಬಾಗಿಲಲ್ಲಿ ಕಾಯುವ ಕೆಲಸ ಎಷ್ಟು ಒಳ್ಳೆಯದೆಂದು ನನಗೆ ಮರೆತೇಹೋಗಿತ್ತು. ಅವರು ಬರುತ್ತಾರೆ ಎಂದು ಗೊತ್ತಿದ್ದರೆ ಎಷ್ಟು ಹೊತ್ತಾದರೂ ನಿಲ್ಲಬಹುದು.

ಬಂದರು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನಗುವಿತ್ತು. ಚೀಲ ಭಾರವಾಗಿ ಜೋತುಬಿದ್ದಿತ್ತು. ನನ್ನ ಮುಂದೆ ಚೀಲದ ಬಾಯಿ ತೆರೆದು ತೋರಿಸಿದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅರ್ಧ ಕುಂಬಳಕಾಯಿ.

"ಲಾಸ್ಟ್ ಒನ್" ಎಂದರು.

ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ ಮುಗಿದಿತ್ತಂತೆ. ಕುಂಬಳಕಾಯಿಯನ್ನು ಕೈಯಲ್ಲಿ ಹಿಡಿದು ಹೋಗಲಾದೀತೇ? ಚೀಲ ನಿಮ್ಮಲ್ಲೇ ಇರಲಿ ಎಂದೆ. ಕೊಡೆಯನ್ನು ಮುಂದೆ ಚಾಚಿದೆ. ಅವರು ಮುಟ್ಟಲಿಲ್ಲ. ಚೀಲ ತಮ್ಮ ಕೈಯಲ್ಲಿರುವಾಗ ಕೊಡೆ ವಾಪಸ್ಸು ಪಡೆಯುವುದು ಅವರ ಕ್ರಮದಲ್ಲಿ ಇರಲಿಲ್ಲ. ತಲೆ ಬಾಗಿಸಿ, ಬಿಸಿಲಿನಲ್ಲಿ ಬಸ್ ಸ್ಟಾಪಿನ ಕಡೆ ಹೊರಟರು. ಸಂಜೀವಿನಿ ಪ್ರಾವಿಷನ್ ಸ್ಟೋರ್ಸ್, ತುಮಕೂರು ಎಂಬ ಅಕ್ಷರಗಳು ಸಿಂಗಪುರದ ಬಸ್ಸು ಹತ್ತಿ ಹೋಗುವುದನ್ನು ನಾನು ಮೇಲೆ ಬಂದು ನಿಂತು ನೋಡಿದೆ. ಆಗಲೂ ಅವರ ಹೆಸರು ಕೇಳಲಿಲ್ಲ.

ತುಮಕೂರು

ಬಂದ ಮರುದಿನ ಬೆಳಗ್ಗೆ ಕಾಂಪ್ಲೆಕ್ಸಿಗೆ ಹೋದೆ. ರಾಜು ಜೊತೆಯಲ್ಲಿ ಬಂದಿದ್ದ. ಎರಡೂ ಬೀಗ ತೆಗೆದು, ಬಗ್ಗಿ ಷಟರ್ ಎತ್ತಿದೆ. ತುಕ್ಕು ಹಿಡಿದು ಕಿರುಚುತ್ತಾ ಮೇಲೆ ಹೋಯಿತು. ಮುಗ್ಗುಲು ವಾಸನೆ, ಇಲಿಗಳ ಓಡಾಟ. ಸ್ವೆಟರ್ ಕುರ್ಚಿಯ ಮೇಲೆಯೇ ಇತ್ತು, ಒಂದು ತೋಳನ್ನು ಇಲಿ ತಿಂದಿತ್ತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲ ಹತ್ತಿರದ ಹಳೆಯ ಸ್ಟೂಲಿನ ಮೇಲೆ ಕೂತೆ. ರಾಜು ಆಚೆಯೇ ನಿಂತಿದ್ದ, ಒಳಗೆ ಬರಲಿಲ್ಲ. ಒಳ್ಳೆಯ ಹುಡುಗ ಎಂದು ಹೇಳಿದೆನಲ್ಲ.

ಮಧ್ಯಾಹ್ನ ಎದುರಿನ ಬಟ್ಟೆ ಅಂಗಡಿಯವರು ಕಾಫಿ ತಂದುಕೊಟ್ಟರು. ಹಳೆಯ ಗಿರಾಕಿಯೊಬ್ಬರು ಷಟರ್ ಎದ್ದದ್ದು ಕಂಡು ಬಂದು, ಕೌಂಟರಿನ ಮುಂದೆ ನಿಂತು, "ಅರ್ಧ ಕೆಜಿ ತೊಗರಿಬೇಳೆ" ಎಂದು ಬಾಯಿತಪ್ಪಿ ಹೇಳಿ, ನಾಲಿಗೆ ಕಚ್ಚಿಕೊಂಡರು. ಪರವಾಗಿಲ್ಲ ಸ್ವಾಮಿ ಎಂದೆ. ಸಾಮಾನೆಲ್ಲ ಆಚೆ ಹೋಗುವ ಹೊತ್ತಿಗೆ ಸಂಜೆಯಾಯಿತು.

ಷಟರ್ ಎಳೆಯುವುದು ಯಾವಾಗಲೂ ನಮ್ಮವರ ಕೆಲಸ. ಅವರು ಎತ್ತರ, ನಾನು ಕುಳ್ಳಿ. ಅವರಿಲ್ಲದ ದಿನ ಕೊಕ್ಕೆ ಕೋಲಿನಿಂದ ಎಳೆಯುತ್ತಿದ್ದೆ, ಆ ಕೋಲು ಸಾಮಾನಿನ ಜೊತೆ ಹೋಗಿಬಿಟ್ಟಿತ್ತು. "ಬಿಡಿ ಅತ್ತಿಗೆ, ನಾನು ಎಳೀತೀನಿ" ಎಂದ ರಾಜು. ಬೇಡ ಎಂದೆ. ಕೊಡೆಯ ಬಾಗಿದ ಹಿಡಿಯನ್ನು ಷಟರಿನ ಬಳೆಗೆ ಸಿಕ್ಕಿಸಿ, ಮೈಭಾರವೆಲ್ಲ ಹಾಕಿ ಜಗ್ಗಿದೆ. ಕೆಳಗೆ ಬಂತು. ಬೀಗ ಹಾಕಿ, ಬೀಗದ ಕೈ ರಾಜುವಿನ ಕೈಗೆ ಕೊಟ್ಟೆ.

ಕೊಡೆ ಬಗಲಿಗೆ ಸಿಕ್ಕಿಸಿಕೊಂಡು ನಡೆದಾಗ ಅವನು ನಕ್ಕ. "ಏನತ್ತಿಗೆ, ಮಳೆ ಇಲ್ಲ ಬಿಸಿಲಿಲ್ಲ, ಬಂದಾಗಿಂದ ಈ ಕೊಡೆ ಬಿಡ್ತಾನೇ ಇಲ್ವಲ್ಲ?"

"ಕೊಡೆ ಅಲ್ಲ ಕಣಪ್ಪ, ಟೋಕನ್" ಎಂದೆ. "ನನ್ನ ಚೀಲ ಇನ್ನೂ ಅವರ ಹತ್ರಾನೇ ಇದೆ."